ಗಾಜಣ್ಣ ಪಿಕಪ್ ಕೊಂಡದ್ದು

ಬೀದಿಯವರೆಲ್ಲ ಅವನನ್ನು ಗಾಜಣ್ಣ ಅಂತಲೇ ಕರೆಯುತ್ತಿದ್ದರು. ಕಿಟಕಿಗೆ, ಅಂಗಡಿಯ ಮುಂಬಾಗಿಲಿಗೆ ಗಾಜು ಕತ್ತರಿಸಿ ಕೂರಿಸುವುದು ಅವನ ಕೆಲಸ. ವಯಸ್ಸು ಐವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ ಅವನ ಬದಲು ಭಾವನೇ ಉತ್ತರ ಕೊಡುತ್ತಿದ್ದ: "ನನ್ನ ಜೊತೆ ಏಗೋದೇ ಅವನಿಗೆ ಸಾಕಾಗಿದೆ, ಇನ್ನೊಬ್ಬರು ಬೇರೆ ಯಾಕೆ?"

ಭಾವ, ಅಂದರೆ ಅಕ್ಕನ ಗಂಡ. ದೊಡ್ಡ ಗಾಜನ್ನು ಒಬ್ಬನೇ ಎತ್ತಲಾಗದು. ಒಂದು ತುದಿ ಭಾವನದು, ಇನ್ನೊಂದು ಇವನದು. ಇವನಿಗೂ ಓಡಿಸಲು ಬರುತ್ತಿದ್ದರೂ ಹಳೇ ವ್ಯಾನು ಓಡಿಸುತ್ತಿದ್ದವನು ಭಾವನೇ. ಅವನ ಬಾಯಿಗೆ ಬೀಗವೇ ಇರಲಿಲ್ಲ. ಮುಂದಿನ ಬಸ್ಸಿನವನನ್ನು ಬೈಯುತ್ತ, ಗಿರಾಕಿಗಳ ದನಿ ಅಣಕಿಸುತ್ತ, ಹಳೆಯ ಹಾಡನ್ನು ಅರ್ಧ ಹಾಡಿ ಉಳಿದರ್ಧ ಮರೆಯುತ್ತ ಹೋಗುತ್ತಿದ್ದ. "ಸ್ವಲ್ಪ ಹೊತ್ತು ಸುಮ್ನಿರಿ ಭಾವ, ತಲೆ ಚಿಟ್ಟು ಹಿಡೀತಿದೆ" ಎಂದು ಇವನು ಎಷ್ಟು ಸಲ ಹೇಳಿದ್ದನೋ. ಭಾವ ಸುಮ್ಮನಾದದ್ದು ಆಸ್ಪತ್ರೆಯ ಮಂಚದ ಮೇಲೆ, ಎದೆನೋವು ಬಂದ ಮಾರನೆಯ ದಿನ.

ಅಕ್ಕ ನೆರೆಯೂರಿನಲ್ಲಿದ್ದ ಮಗಳ ಮನೆ ಸೇರಿದಳು. ತಳ ತುಕ್ಕು ಹಿಡಿದಿದ್ದ ವ್ಯಾನು ಗುಜರಿಗೆ ಹೋಯಿತು. ಗಾಜಣ್ಣ ಬಾಡಿಗೆ ಗಾಡಿಗಳನ್ನು ನೆಚ್ಚಿಕೊಂಡ. ಒಂದು ದಿನ ಚಾಲಕ ಗಾಡಿಯನ್ನು ಗುಂಡಿಗಿಳಿಸಿದ್ದರಿಂದ, ದರ್ಜಿಯೊಬ್ಬಳ ಅಂಗಡಿಗೆಂದು ಒಯ್ಯುತ್ತಿದ್ದ ಆಳೆತ್ತರದ ಕನ್ನಡಿ ಉದ್ದಕ್ಕೂ ಸೀಳಿಹೋಯಿತು. ಅಕ್ಕ ಫೋನಿನಲ್ಲೇ ಗದರಿದಳು: "ಸ್ವಂತ ಗಾಡಿ ತಗೋಳೋ. ಕೂಡಿಟ್ಟು ಯಾರಿಗೆ ಕೊಡ್ತೀಯ?"

ಚಿಕ್ಕ ಗಾಡಿಯಲ್ಲಿ ದೊಡ್ಡ ಗಾಜು ನಿಲ್ಲದು, ಲಾರಿ ಗಲ್ಲಿಯೊಳಗೆ ನುಗ್ಗದು. ಮಧ್ಯಮ ಗಾತ್ರದ ಪಿಕಪ್ಪೇ ಸರಿಯೆಂದು ಅವನು ಶೋರೂಮಿಗೆ ಹೋದ. ಅಲ್ಲಿ ಸಿಕ್ಕವನು ನಲವತ್ತರ ಆಸುಪಾಸಿನ, ಟೈ ಓರೆಯಾಗಿದ್ದ ಒಬ್ಬ ಮಾರಾಟಗಾರ.

"ಬನ್ನಿ ಅಣ್ಣ, ನೋಡಿದ್ರೆ ಏನು ಗೊತ್ತಾಗುತ್ತೆ? ಓಡಿಸಿ ನೋಡಿ" ಎಂದು ಕೀಲಿ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತ.

ಗಾಡಿ ರಸ್ತೆಗಿಳಿದದ್ದೇ ಅವನ ಮಾತು ಶುರುವಾಯಿತು. ಮೈಲೇಜಿನಿಂದ ಹೊರಟು ಬ್ರೇಕಿಗೆ, ಅಲ್ಲಿಂದ ತನ್ನ ಮಾವ ಸ್ಕೂಟರನ್ನು ಚರಂಡಿಗಿಳಿಸಿದ ಕಥೆಗೆ. ಗಾಜಣ್ಣ ನಕ್ಕ. ತಿರುಗಬೇಕಾಗಿದ್ದ ರಸ್ತೆ ದಾಟಿ ಎಷ್ಟೋ ಮುಂದೆ ಹೋಗಿದ್ದ.

ಮುಂದಿನ ವಾರ ಮತ್ತೆ ಹೋದ. "ಏರು ರಸ್ತೇಲಿ ಹೇಗೆ ಎಳೆಯುತ್ತೆ ನೋಡ್ಬೇಕಿತ್ತು." ಇನ್ನೊಮ್ಮೆ, "ಹಿಂದೆ ಭಾರ ಹಾಕಿ ನೋಡೋಣ." ಮತ್ತೊಮ್ಮೆ, ಮಳೆಯಲ್ಲಿ ಬ್ರೇಕು ಹೇಗೆ ಹಿಡಿಯುತ್ತದೆಂದು. ಪ್ರತಿ ಸಲವೂ ಮಾರಾಟಗಾರ ಜೊತೆಗೆ ಬಂದ, ಬಾಯಿ ಮುಚ್ಚಲಿಲ್ಲ. ಶೋರೂಮಿಗೆ ಹೊರಡುವ ದಿನ ಗಾಜಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದ.

ಕೊನೆಗೊಂದು ದಿನ ಮಾರಾಟಗಾರ ಗಾಡಿಯನ್ನು ಮರದ ನೆರಳಿಗೆ ನಿಲ್ಲಿಸಲು ಹೇಳಿದ.

"ಬೇಜಾರು ಮಾಡ್ಕೋಬೇಡಿ ಅಣ್ಣ. ಮ್ಯಾನೇಜರ್ ನನ್ನ ತಲೆ ತಿಂತಿದ್ದಾರೆ. ಗಾಡೀಲಿ ಏನು ಕೊರತೆ ಇದೆ ಹೇಳಿಬಿಡಿ."

"ಏನೂ ಇಲ್ಲ. ಗಾಡಿ ಚೆನ್ನಾಗಿದೆ."

"ಮತ್ತೆ?"

ಗಾಜಣ್ಣ ಸ್ಟೇರಿಂಗ್ ನೋಡುತ್ತ ಕೂತ. ಕಿವಿ ಬಿಸಿಯಾಗಿತ್ತು. "ತಗೊಂಡ್ಬಿಟ್ರೆ ನೀವು ಇಳ್ಕೊಂಡು ಹೋಗ್ತೀರಲ್ಲ" ಎಂದ.

ಮಾರಾಟಗಾರ ಟೈ ಸಡಿಲಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಮನೇಲಿ ನಾನು ಬಾಯಿ ಬಿಟ್ರೆ ಹೆಂಡತಿ ಟೀವಿ ಸೌಂಡ್ ಜಾಸ್ತಿ ಮಾಡ್ತಾಳೆ ಅಣ್ಣ. ಇಷ್ಟು ದಿನ ಕೂತು ಕೇಳಿದ್ದು ನೀವೊಬ್ರೇ."

ಇಬ್ಬರೂ ನಕ್ಕರು. ಆದರೆ ಗಾಜಣ್ಣನಿಗೆ ನಾಚಿಕೆ ಬಿಡಲಿಲ್ಲ. ಅವತ್ತೇ ಶೋರೂಮಿಗೆ ಮರಳಿ ಮುಂಗಡ ಕೊಟ್ಟ.

"ನಾಲ್ಕು ಬಾಗಿಲಿಂದು ತಗೊಳ್ಳಿ, ಮನೆಮಂದಿಯೆಲ್ಲ ಕೂರಬಹುದು" ಎಂದು ಅಭ್ಯಾಸಬಲದಿಂದ ಹೇಳಿದ ಮಾರಾಟಗಾರ ನಾಲಿಗೆ ಕಚ್ಚಿಕೊಂಡ. ಗಾಜಣ್ಣ ಅಲ್ಲೇ ನಿಂತಿದ್ದ ಅಂಥ ಗಾಡಿಯೊಂದರ ಹಿಂಬಾಗಿಲು ತೆಗೆದು ಉದ್ದನೆಯ ಖಾಲಿ ಸೀಟನ್ನು ಸ್ವಲ್ಪ ಹೊತ್ತು ನೋಡಿದ. ಸದ್ದಾಗದಂತೆ ಬಾಗಿಲು ಹಾಕಿದ. "ಬೇಡ. ನನಗೆ ಹಿಂದೆ ಜಾಗ ಬೇಕು, ಗಾಜಿಗೆ."

ಗಾಡಿ ಕೈಗೆ ಬಂದ ದಿನ ಶೋರೂಮಿನ ಫೋಟೊದವನು "ಮನೆಯವರೆಲ್ಲ ಬನ್ನಿ" ಎಂದು ಕೂಗಿದ. ಯಾರೂ ಇರಲಿಲ್ಲ. ಮಾರಾಟಗಾರ ಟೈ ನೆಟ್ಟಗೆ ಮಾಡಿಕೊಂಡು ಓಡಿಬಂದು ಪಕ್ಕದಲ್ಲಿ ನಿಂತ. ಫೋಟೊ ಮುಗಿದಾಗ ಬೇರೊಬ್ಬ ಗಿರಾಕಿ ಕಾಯುತ್ತಿದ್ದ. "ಬರ್ತೀನಿ ಅಣ್ಣ, ನಿಧಾನಕ್ಕೆ ಹೋಗಿ" ಎಂದು ಕೈ ಕುಲುಕಿ ಹೋದ.

ಭಾನುವಾರ ಗಾಜಣ್ಣ ಅಕ್ಕನ ಹತ್ತಿರ ಹೋದ. ಅವಳು ಸೆರಗು ಹೊದ್ದು ಮುಂದಿನ ಸೀಟು ಹತ್ತಿದಳು. ಊರಾಚೆಯ ಕೆರೆ ಸುತ್ತಿ ಬಂದರು. ಅಕ್ಕ ಮಾತಾಡಲಿಲ್ಲ, ಅವಳು ಮೊದಲಿಂದಲೂ ಹಾಗೇ. ವಾಪಸ್ ಬರುವಾಗ ಮಾತ್ರ ಅಂದಳು: "ಅವರಿದ್ದಿದ್ರೆ..."

"ಎತ್ತಿನಗಾಡಿ ಹೊಡೀತಿದ್ದೀಯೇನೋ ಅಂತ ಬೈತಿದ್ರು."

ಅಕ್ಕ ನಗಲು ಹೋಗಿ ಕಣ್ಣು ಒರೆಸಿಕೊಂಡಳು. ಮನೆ ಮುಂದೆ ಇಳಿದು, ಮೊಮ್ಮಗು ಎದ್ದಿರುತ್ತದೆಂದು ಬೇಗ ಒಳಗೆ ಹೋದಳು.

ವಾಪಸು ದಾರಿಯಲ್ಲಿ ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಗಾಜಣ್ಣ ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸಿ ಒಂದು ಲೋಟ ಚಹಾ ಕುಡಿದ. ಮಾರನೆಯ ದಿನ ದವಾಖಾನೆಯೊಂದಕ್ಕೆ ಬಾಗಿಲಿನ ಗಾಜು ಕೂರಿಸಬೇಕಿತ್ತು. ಅದರ ಅಳತೆಯನ್ನು ತನ್ನಷ್ಟಕ್ಕೆ ಗಟ್ಟಿಯಾಗಿ ಹೇಳಿಕೊಳ್ಳುತ್ತ ಮನೆ ಸೇರಿದ.