ಬಿಸಿಲಿಗಿಟ್ಟ ಶೆಲ್ಲುಗಳು

ನಂಜೇಗೌಡರು ನನ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಶೆಲ್ಲು ಒಣಗಿಸುತ್ತಿದ್ದರು. ಇದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಸಂಡಿಗೆ ಇಡುವವರ ಹಾಗೆ ಕರವಸ್ತ್ರ ಹಾಸಿ, ಬೆರಳುದ್ದದ ಬ್ಯಾಟರಿ ಶೆಲ್ಲುಗಳನ್ನು ಒಂದಕ್ಕೊಂದು ತಾಗದಂತೆ ಮಲಗಿಸಿ, ಕಂಪನಿಯ ಪಾರ್ಕಿಂಗಿನಲ್ಲಿ ಕಾರನ್ನು ಹೇಗೆ ನಿಲ್ಲಿಸಬೇಕೆಂದು ನನಗೆ ಹೇಳುತ್ತಿದ್ದರು. "ಇನ್ನೊಂದ್ ಒಸಿ ಈಕಡೆ ತಿರುಗ್ಸಿ. ಮಧ್ಯಾಹ್ನದ ಬಿಸ್ಲು ಬೀಳ್ಬೇಕು." ಎಲ್ಲರೂ ನೆರಳು ಹುಡುಕುವ ಜಾಗದಲ್ಲಿ ನಾನು ಬಿಸಿಲು ಹುಡುಕುತ್ತಿದ್ದೆ. ಸಂಜೆ ಬಂದು ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ, "ಜೀವ ಬಂದದೆ" ಎನ್ನುತ್ತಿದ್ದರು.

ಬಿಸಿಲಿಗಿಟ್ಟರೆ ಶೆಲ್ಲಿಗೆ ಹೊಸ ಶಕ್ತಿಯೇನೂ ಬರುವುದಿಲ್ಲ, ಅಳಿದುಳಿದದ್ದು ಸ್ವಲ್ಪ ಹೊತ್ತು ಚುರುಕಾಗುತ್ತದೆ, ಅಷ್ಟೆ ಎಂದು ಒಮ್ಮೆ ವಿವರಿಸಲು ಹೋದೆ. ಅವರೂ ನನ್ನ ಹಾಗೆಯೇ ಇಂಜಿನಿಯರು. ತಾಳ್ಮೆಯಿಂದ ಕೇಳಿಸಿಕೊಂಡರು.

"ಗೊತ್ತು ಕಣ್ರೀ. ನಾನೂ ಅದೇ ಪುಸ್ತಕ ಓದಿವ್ನಿ. ಆದ್ರೆ ನಮ್ಮಪ್ಪ ರೇಡಿಯೋ ಶೆಲ್ಲನ್ನ ಹೆಂಚಿನ ಮ್ಯಾಲಿಟ್ಟು ತಿಂಗಳಾನುಗಟ್ಲೆ ವಾರ್ತೆ ಕೇಳೋರು. ಪುಸ್ತಕ ಒಂದ್ಕಡೆ, ವಾರ್ತೆ ಒಂದ್ಕಡೆ."

ಎಂಬತ್ತರ ದಶಕದ ನಡುವಿನ ಮಾತು. ಅಮೆರಿಕದ ಫ್ರೀಮಾಂಟಿನ ಒಂದೇ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿದ್ದ ನಾವು ಮೂವರು ಒಂದೇ ಕಾರಿನಲ್ಲಿ ಸೇತುವೆ ದಾಟಿ ಕೊಲ್ಲಿಯ ಆಚೆ ದಡದ ಆಫೀಸಿಗೆ ಹೋಗುತ್ತಿದ್ದೆವು. ನಾನು ಓಡಿಸುತ್ತಿದ್ದೆ. ಪಕ್ಕದಲ್ಲಿ ಮಂಡ್ಯ ಕಡೆಯ ನಂಜೇಗೌಡರು, ಹಿಂದೆ ಬಸವನಗುಡಿಯ ವಾಸುದೇವರಾಯರು. ಗೌಡರ ಕಿವಿಯ ಮೇಲೆ ಕಿತ್ತಳೆ ಬಣ್ಣದ ಸ್ಪಂಜಿನ ಹೆಡ್‌ಫೋನು, ತೊಡೆಯ ಮೇಲೆ ಸ್ಯಾನ್ ಹೊಸೆಯ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಬೂದು ಬಣ್ಣದ ಕ್ಯಾಸೆಟ್ ಪ್ಲೇಯರು. ಹೆಸರಾಂತ ಜಪಾನಿ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಬದಲಿಸಿದ ಹೆಸರು ಅದಕ್ಕಿತ್ತು. ಮುಚ್ಚಳ ನಿಲ್ಲುತ್ತಿರಲಿಲ್ಲ, ರಬ್ಬರ್‌ಬ್ಯಾಂಡ್ ಸುತ್ತಿದ್ದರು. ಟೇಪನ್ನು ಹಿಂದಕ್ಕೆ ಓಡಿಸುವ ಗುಂಡಿಯೇ ಇರಲಿಲ್ಲ. ಕೇಳಿದ್ದನ್ನು ಮತ್ತೆ ಕೇಳಬೇಕೆಂದರೆ ಕ್ಯಾಸೆಟ್ಟು ತೆಗೆದು ಮಗುಚಿ, ಮುಂದಕ್ಕೆ ಓಡಿಸಿ, ಮತ್ತೆ ತೆಗೆದು ಮಗುಚಬೇಕು. ಗೌಡರು ಅದನ್ನು ರಾಗಿ ರೊಟ್ಟಿ ಮಗುಚುವಷ್ಟೇ ಸಲೀಸಾಗಿ ಮಾಡುತ್ತಿದ್ದರು.

ಕಾರು ಸೇತುವೆ ಹತ್ತುತ್ತಲೂ ಅವರ ತುಟಿಗಳು ಅಲ್ಲಾಡತೊಡಗುತ್ತಿದ್ದವು. ದನಿ ಹೊರಡುತ್ತಿರಲಿಲ್ಲ. ಕಣ್ಣು ಅರೆಮುಚ್ಚಿರುತ್ತಿತ್ತು. ರಾಯರು ಅದನ್ನು ಜಪವೆಂದೇ ತೀರ್ಮಾನಿಸಿದ್ದರು.

"ಗೌಡ್ರೇ, ಬೆಳಿಗ್ಗೆ ಬೆಳಿಗ್ಗೆ ಯಾವ ದೇವ್ರು?"

"ಕೆಲ್ಸ ಕೊಡೋ ದೇವ್ರು."

"ಕಾರಲ್ಲೇ ಟೇಪ್ ಇದೆಯಲ್ಲ, ಅದ್ರಲ್ಲೇ ಹಾಕಿ. ನಾವೂ ಸ್ವಲ್ಪ ಪುಣ್ಯ ಕಟ್ಕೋತೀವಿ."

"ಒಬ್ಬೊಬ್ರಿಗೆ ಒಂದೊಂದು ಮಂತ್ರ ರಾಯರೇ. ನಿಮ್ಗೆ ಇದು ಹತ್ತಾಕಿಲ್ಲ."

ರಾಯರು ಈ ಭಕ್ತಿಯ ಸುದ್ದಿಯನ್ನು ಮನೆಮನೆಗೂ ಮುಟ್ಟಿಸಿದರು. ದೇವಸ್ಥಾನ, ಪುರೋಹಿತರು ಸುಲಭವಾಗಿ ಸಿಗದ ಕಾಲ. ಗೃಹಪ್ರವೇಶಗಳಲ್ಲಿ ಹೆಂಗಸರು ಗೌಡರಿಗೆ ಮೊದಲು ಆರತಿ ಕೊಡತೊಡಗಿದರು. ಅವರು ಸಂಕೋಚದಿಂದಲೇ ತೆಗೆದುಕೊಳ್ಳುತ್ತಿದ್ದರು.

ರಾಯರು ರಜೆ ಹಾಕಿದ ಒಂದು ದಿನ ನಿಜ ಗೊತ್ತಾಯಿತು. ಗೌಡರು ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು ತಾವಾಗಿಯೇ ಹೇಳಿದರು. ಅದು ಹೊಸದಾಗಿ ಬಂದವರಿಗೆ ಅಮೆರಿಕನ್ ಉಚ್ಚಾರಣೆ ಕಲಿಸುವ ಕ್ಯಾಸೆಟ್ಟು, ಲೈಬ್ರರಿಯ ಕ್ಯಾಸೆಟ್ಟಿನಿಂದ ಯಾರೋ ಮಾಡಿಕೊಟ್ಟ ಪ್ರತಿ.

"ಮ್ಯಾನೇಜರು ಕರ್ದು ಹೇಳ್ದ. ನಿನ್ ಕೆಲ್ಸ ಚೆನ್ನಾಗದೆ, ಮಾತು ಮಾತ್ರ ಯಾರ್ಗೂ ತಿಳಿಯಾಕಿಲ್ಲ, ರೈಲು ಓಡ್ದಂಗೆ ಮಾತಾಡ್ತೀಯ ಅಂತ. ಏಪ್ರಿಲ್‌ಗೆ ಕಸ್ಟಮರ್ಸ್ ಬತ್ತಾರೆ. ಹೊಸಾ ಬೋರ್ಡಿನ ಡೆಮೋ ನಾನೇ ಕೊಡ್ಬೇಕು. ಅವ್ರಿಗೆ ತಿಳೀತು ಅಂದ್ರೆ ಗ್ರೂಪ್ ಲೀಡು. ಇಲ್ಲಾಂದ್ರೆ ಹಿಂದುಗಡೆ ಲ್ಯಾಬು. ಲ್ಯಾಬಿನೋರ್ನೇ ಈ ಸಲ ಮೊದ್ಲು ಮನೆಗೆ ಕಳಿಸೋದಂತೆ."

ಚಿಪ್ಪು ಮಾಡುವ ಕಂಪನಿಗಳೆಲ್ಲ ಜನರನ್ನು ತೆಗೆಯುತ್ತಿದ್ದ ವರ್ಷ ಅದು. ಗೌಡರ ಗ್ರೀನ್ ಕಾರ್ಡಿನ ಅರ್ಜಿ ಕಂಪನಿಯ ಕೈಯಲ್ಲಿತ್ತು. ಕೆಲಸ ಹೋದರೆ ಅರ್ಜಿಯೂ ಹೋಗುತ್ತಿತ್ತು. ನಾನು ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವನು. ನನ್ನ ಮಾತಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಗೌಡರು ಕನ್ನಡ ಶಾಲೆಯಿಂದ ನೇರವಾಗಿ ಇಂಜಿನಿಯರಿಂಗ್ ಕಾಲೇಜಿಗೆ ಬಂದವರು. ನಮ್ಮಿಬ್ಬರ ನಡುವೆ ಇದ್ದದ್ದು ಅಷ್ಟೇ ಅಂತರ.

ಆ ಟೇಪಿನ ದನಿಯನ್ನು ಅವರು 'ನಮ್ಮ ಮೇಷ್ಟ್ರು' ಎನ್ನುತ್ತಿದ್ದರು. ಒಂದು ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಮೇಷ್ಟರ ವರ್ಣನೆ ಕೇಳಿದೆ. "ಗಂಭೀರವಾದ ಮನುಷ್ಯ. ಐವತ್ತು ದಾಟಿರ್ಬೇಕು. ಅವಸ್ರ ಅನ್ನೋದೇ ಇಲ್ಲ ಕಣ್ರೀ, ಒಂದೊಂದು ಮಾತನ್ನೂ ಬಾಯ್ತುಂಬ ಆಡ್ತಾರೆ. ದೊಡ್ಡೋರು ಹಂಗೇ ಮಾತಾಡೋದು. ನಾವೇ ಬಡ್ಕೊಂಡು ಓಡ್ತೀವಿ."

ಅವರ ಹೆಂಡತಿ ಜಯಮ್ಮನವರು ಮುದ್ದೆ ಬಡಿಸುತ್ತ, "ಮನೇಲಿ ಯಾರೋ ಹೊಸಬ್ರು ಸೇರ್ಕೊಂಡಂಗಾಗದೆ. ಮೊದ್ಲು ಇವ್ರು ಬಾಯಿ ಬಿಟ್ರೆ ಪಕ್ಕದ ಮನೆಗೆ ಕೇಳೋದು. ಈಗ ಸಾರು ಬೇಕು ಅನ್ನಕ್ಕೂ ಅರ್ಧ ಗಂಟೆ ತಗೋತಾರೆ" ಎಂದರು.

"ಸಾ...ರು" ಎಂದರು ಗೌಡರು, ಹೊಟ್ಟೆಯಾಳದಿಂದ. ಎಲ್ಲರೂ ನಕ್ಕೆವು.

ಆ ಹೆಡ್‌ಫೋನನ್ನು ನಾನೂ ಒಮ್ಮೆ ಕಿವಿಗೆ ಹಾಕಿಕೊಂಡಿದ್ದೆ. ಗಂಡಸಿನ ಭಾರವಾದ ದನಿಯೇ ಕೇಳಿಸಿತ್ತು. ಕೇಳಿಸಿತ್ತೋ, ಗೌಡರ ವರ್ಣನೆ ಕೇಳಿದ ಮೇಲೆ ಕೇಳಿಸಿದ ಹಾಗೆ ಅನ್ನಿಸಿತೋ, ಈಗ ಆಣೆಯಿಟ್ಟು ಹೇಳಲಾರೆ. ಮುಂದಿನದ್ದನ್ನು ನೆನೆಯುವಾಗಲೂ ಇದೇ ಕಷ್ಟ.

ಡೆಮೋದ ದಿನ ಅವರು ಹೊಸ ಟೈ ಕಟ್ಟಿದ್ದರು. ಬಂದ ಗಿರಾಕಿಗಳು ಮೇಜಿನ ಒಂದು ಬದಿಗೆ ಕೂತಿದ್ದರು. ನಾನು ಕೊನೆಯ ಕುರ್ಚಿಯಲ್ಲಿದ್ದೆ. ಗೌಡರು ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳಿದರು. ಹೇಳಿ ಮುಗಿಸುವ ಮುಂಚೆಯೇ ಒಬ್ಬ ಉತ್ತರ ಕೊಟ್ಟುಬಿಟ್ಟ. ಪ್ರತಿ ಪದವೂ ಬಾವಿಯಿಂದ ಕೊಡ ಸೇದಿದ ಹಾಗೆ ಮೇಲೆ ಬರುತ್ತಿತ್ತು. ಉಚ್ಚಾರಣೆ ತಪ್ಪಿರಲಿಲ್ಲ. ಅಕ್ಷರ ಅಕ್ಷರವೂ ಸರಿಯಿತ್ತು, ಒಂದನ್ನು ಕೇಳಿದವರಿಗೆ ಇನ್ನೊಂದು ಬರುವಷ್ಟರಲ್ಲಿ ಮರೆತುಹೋಗುತ್ತಿತ್ತು, ಅಷ್ಟೆ. ಒಬ್ಬ ಗಡಿಯಾರ ನೋಡಿಕೊಂಡ. ಇನ್ನೊಬ್ಬ ನಗು ತಡೆಯಲು ಕಾಫಿಯ ಲೋಟವನ್ನು ಬಾಯಿಗೆ ಹಿಡಿದ. ಗೌಡರಿಗೆ ಇದು ಕಾಣಲಿಲ್ಲವೆಂದಲ್ಲ. ಕಂಡಷ್ಟೂ ಅವರು ಮೇಷ್ಟರನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು, ಇನ್ನೂ ನಿಧಾನವಾದರು.

ಮ್ಯಾನೇಜರು ನನ್ನ ಕಿವಿಯ ಬಳಿ ಬಗ್ಗಿ, "ಇವನು ಯಾವುದಾದರೂ ಔಷಧಿ ತಗೋತಿದ್ದಾನೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಇಲ್ಲ ಎಂದೆ. ಉಳಿದದ್ದನ್ನು ನೀನು ಮುಗಿಸು ಎಂದ. ಗೌಡರು ಬರೆದ ಚಿತ್ರಗಳನ್ನೇ ತೋರಿಸಿ ನಾನು ಮುಗಿಸಿದೆ. ಎಲ್ಲರಿಗೂ ತಿಳಿಯಿತಂತೆ.

ಸಂಜೆ ಮೂವರೂ ಕಾರು ಹತ್ತಿದೆವು. ಸೇತುವೆಯ ಎರಡೂ ಕಡೆ ಉಪ್ಪಿನ ಪಾತಿಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಗೌಡರು ಅಭ್ಯಾಸಬಲದಿಂದ ಹೆಡ್‌ಫೋನು ಹಾಕಿ ಗುಂಡಿ ಒತ್ತಿದರು. ಪ್ಲೇಯರು ತಿರುಗಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಶೆಲ್ಲುಗಳು ಒಣಗಿ ಸಿದ್ಧವಾಗಿದ್ದವು. ಅವನ್ನು ಮುಟ್ಟಲಿಲ್ಲ. ರಬ್ಬರ್‌ಬ್ಯಾಂಡ್ ಬಿಚ್ಚಿ, ಕ್ಯಾಸೆಟ್ಟು ತೆಗೆದು, ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲವೆಂಬಂತೆ ಕಾರಿನ ಟೇಪಿಗೆ ತುರುಕಿದರು.

ಹೆಂಗಸಿನ ದನಿ. ಲವಲವಿಕೆಯ, ಚುರುಕಾದ, ಇನ್ನೂ ಮೂವತ್ತೂ ಆಗಿರದ ದನಿ. ಒಂದು ವಾಕ್ಯ ಹೇಳಿದಳು, ನನ್ನ ಜೊತೆ ಹೇಳಿ ಎಂದಳು, ಕಲಿಯುವವರು ಹೇಳಲೆಂದು ಕಾದಳು. ಕಾರಿನಲ್ಲಿ ಯಾರೂ ಏನೂ ಹೇಳಲಿಲ್ಲ. ಬಹಳ ಚೆನ್ನಾಗಿತ್ತು ಎಂದು ಮೆಚ್ಚಿ ಮುಂದಿನ ವಾಕ್ಯಕ್ಕೆ ಹೋದಳು.

"ಯಾರ್ರೀ ಇದು, ಈಯಮ್ಮ?" ಹಿಂದಿನಿಂದ ರಾಯರು ಕೇಳಿದರು.

ಗೌಡರು ಟೇಪಿನ ಬಾಯನ್ನೇ ನೋಡುತ್ತಿದ್ದರು. "ನಮ್ಮ ಮೇಷ್ಟ್ರು" ಎಂದರು.

ರಾಯರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಗೌಡರೇ ಹೇಳಿದರು. ಪ್ಲೇಯರಿನ ಬೆಲ್ಟು ಮೊದಲಿನಿಂದಲೂ ಸಡಿಲ. ಮಗಳ ಆಟದ ಸಾಮಾನು ನಿಂತ ಮೇಲೆ ಅದರಿಂದ ತೆಗೆದ ಶೆಲ್ಲುಗಳನ್ನು ಬಿಸಿಲಿಗಿಟ್ಟು ಹಾಕುತ್ತಿದ್ದದ್ದು. ಹೊಸ ಶೆಲ್ಲನ್ನು ಆ ಯಂತ್ರ ಕಂಡೇ ಇರಲಿಲ್ಲ. ತೆವಳುವ ಟೇಪು ಹೆಂಗಸನ್ನು ಗಂಡಸು ಮಾಡಿತ್ತು, ಚುರುಕನ್ನು ಗಾಂಭೀರ್ಯ ಮಾಡಿತ್ತು. ರಾಯರು ಸೇತುವೆ ಮುಗಿಯುವವರೆಗೂ ನಕ್ಕರು. ಗೌಡರೂ ನಕ್ಕರು ಎಂದು ನನ್ನ ನೆನಪು.

ಈ ನೆನಪನ್ನೇ ನಾನು ನಂಬುವುದಿಲ್ಲ. ಏಕೆಂದರೆ ಆ ಕಥೆ ಅಂದಿನಿಂದ ರಾಯರದಾಯಿತು. ಹುಟ್ಟುಹಬ್ಬ, ಯುಗಾದಿ, ಪಾಟ್‌ಲಕ್ಕು, ಎಲ್ಲಿ ನಾಲ್ಕು ಕನ್ನಡದವರು ಸೇರಿದರೂ ರಾಯರು ಅದನ್ನು ಹೇಳುತ್ತಿದ್ದರು. ಪ್ರತಿ ಸಲವೂ ಅದಕ್ಕೆ ಒಂದು ಎಳೆ ಸೇರುತ್ತಿತ್ತು. ಡೆಮೋ ಕೋಣೆಯಲ್ಲಿ ಇಲ್ಲದೇ ಇದ್ದ ರಾಯರು ಅಲ್ಲಿಯ ಮಾತನ್ನು ನನಗಿಂತ ಚೆನ್ನಾಗಿ ಅನುಕರಿಸುತ್ತಿದ್ದರು. ಕಾಫಿಯ ಲೋಟ ಹಿಡಿದವನನ್ನು ನಾನು ಕಂಡೆನೋ, ರಾಯರ ಬಾಯಿಂದ ಪಡೆದೆನೋ ಗೊತ್ತಿಲ್ಲ. ಆರತಿ ಕೊಡುತ್ತಿದ್ದ ಹೆಂಗಸರೇ ಈಗ ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಜೂನ್ ತಿಂಗಳಲ್ಲಿ ಕಂಪನಿ ಲ್ಯಾಬಿನವರನ್ನು ಮನೆಗೆ ಕಳಿಸಿತು. ಗೌಡರಿಗೆ ಸ್ಯಾಕ್ರಮೆಂಟೊ ಹತ್ತಿರ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಗ್ರೀನ್ ಕಾರ್ಡಿನ ಅರ್ಜಿ ಮತ್ತೆ ಮೊದಲಿಂದ. ಹೊರಡುವ ಮುಂಚೆ ರಾಯರ ಮನೆಯಲ್ಲಿ ಬೀಳ್ಕೊಡುಗೆಯ ಊಟ. ಹೋಳಿಗೆ ಬಡಿಸುವ ಹೊತ್ತಿಗೆ ರಾಯರು, "ಗೌಡ್ರೇ, ಕೊನೇ ಸಲ. ಮೇಷ್ಟ್ರನ್ನ ಒಂದ್ಸಲ ಕರೀರಿ" ಎಂದರು. ಜಯಮ್ಮನವರು ಎಲೆಯಿಂದ ತಲೆಯೆತ್ತಲಿಲ್ಲ. ಗೌಡರು ಕೈ ತೊಳೆದು ಬಂದು, ನಡುಮನೆಯಲ್ಲಿ ನಿಂತು, ಗುಡ್ ಮಾರ್ನಿಂಗಿನಿಂದ ಶುರು ಮಾಡಿ ಆ ಡೆಮೋವನ್ನು ಕೊನೆಯವರೆಗೂ ಹೇಳಿದರು. ಕಂಪನಿಯಲ್ಲಿ ಮುಗಿಸಲು ಬಿಡದಿದ್ದದ್ದನ್ನು ಅಲ್ಲಿ ಮುಗಿಸಿದರು. ಮೊದಲು ಎಲ್ಲರೂ ನಕ್ಕರು. ಆಮೇಲೆ ರಾಯರೊಬ್ಬರೇ ನಗುತ್ತಿದ್ದರು. ನಾನು ಗೌಡರನ್ನು ನೋಡಿದ್ದು ಅದೇ ಕೊನೆ.

ಕೆಲವು ವರ್ಷ ಕಳೆದು ಕಂಪನಿ ನನ್ನನ್ನೂ ಕಳಿಸಿತು. ಮಾತು ಬಲ್ಲವರೂ ಆಗ ಬೇಕಾಗಿರಲಿಲ್ಲ. ಸ್ಯಾಕ್ರಮೆಂಟೊ ಕಡೆ ಕೆಲಸವಿದೆಯೇ ಕೇಳೋಣವೆಂದು ಒಂದು ಶನಿವಾರ ಮಧ್ಯಾಹ್ನ ಗೌಡರಿಗೆ ಫೋನು ಮಾಡಿದೆ. ಅವರು ಸಿಗಲಿಲ್ಲ, ಆನ್ಸರಿಂಗ್ ಮೆಷಿನ್ನು ಎತ್ತಿಕೊಂಡಿತು. ಮನೆಯಲ್ಲಿ ಯಾರೂ ಇಲ್ಲ, ಹೆಸರು ಮತ್ತು ನಂಬರು ಹೇಳಿ ಎಂದು ಗೌಡರೇ ತುಂಬಿಸಿಟ್ಟ ಇಂಗ್ಲಿಷು, ಬಾವಿಯಿಂದ ಸೇದಿದ ಅದೇ ಭಾರವಾದ ದನಿಯಲ್ಲಿ ಒಂದೊಂದೇ ಪದವಾಗಿ ಬಂತು.

ಏನೂ ಹೇಳದೆ ಇಟ್ಟುಬಿಟ್ಟೆ. ಮೆಷಿನ್ನಿನ ಟೇಪು ನಿಧಾನವಾಗಿರಬೇಕು ಎಂದುಕೊಂಡೆ. ಗೋಡೆಯ ಕರೆಂಟಿನಲ್ಲಿ ಓಡುವ ಯಂತ್ರಕ್ಕೆ ಶೆಲ್ಲಿನ ತೊಂದರೆ ಇಲ್ಲವೆಂಬುದು ಆಮೇಲೆ ನೆನಪಾಯಿತು. ಆದರೂ ಅನುಮಾನ ಬಿಡಲಿಲ್ಲ. ಮತ್ತೊಮ್ಮೆ ನಂಬರು ತಿರುಗಿಸಿ, ಕಿವಿಗೊಟ್ಟು ಕೇಳಿದೆ.

ಗೌಡರ ಮಾತಿನ ಹಿಂದೆ, ಅಡುಗೆಮನೆಯ ಕಡೆಯಿಂದ, ಜಯಮ್ಮನವರು ಮಗಳನ್ನು ಗದರುವುದು ಸಣ್ಣಗೆ ಕೇಳಿಸಿತು. "ಬಾಗ್ಲು ಹಾಕ್ಕಂಡು ಬಾ ಅಂದ್ರೆ ಕೇಳಾಕಿಲ್ವ." ಅವರ ದನಿ ಎಂದಿನಂತೆಯೇ ಇತ್ತು, ಮಂಡ್ಯದ ವೇಗದಲ್ಲಿ.