ನಾದಿನಿ ಆರಿಸಿದ ಫಿಲ್ಟರ್

ನನ್ನ ನಾದಿನಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಎಂಥ ರಕ್ತದ ಕಲೆಯೂ ಅವಳ ಕೈಗೆ ಸಿಕ್ಕರೆ ಉಳಿಯುತ್ತಿರಲಿಲ್ಲ. ಮದುವೆಯಾಗಲಿಲ್ಲ, ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ನನ್ನವರು ಹೋದ ಮೇಲೆ ನನ್ನ ಜೊತೆಗೇ ಇದ್ದಾಳೆ. ಕೆಲಸ ಬಿಡುವಾಗ ಜೊತೆಯವರು ಕೊಟ್ಟ ಮೀನಿನ ತೊಟ್ಟಿ ನಮ್ಮ ಹಜಾರದಲ್ಲಿದೆ.

ತೊಟ್ಟಿಯೊಳಗೆ ನೀರು ಸೋಸುವ ಫಿಲ್ಟರ್ ಇರುತ್ತದಲ್ಲ, ಅದರ ಸ್ಪಂಜು ಕಂದು ಬಣ್ಣಕ್ಕೆ ತಿರುಗಿದರೆ ಇವಳಿಗೆ ಮೈ ಉರಿ. ದಿನಾ ಸೋಪು ಹಾಕಿ ಉಜ್ಜಿ ಬೆಳ್ಳಗೆ ಮಾಡಿದಳು. ಹದಿನೈದು ದಿನದಲ್ಲಿ ಐದು ಮೀನು ಸತ್ತವು. ಉದ್ದ ರೆಕ್ಕೆಯದು ಒಂದೇ ಉಳಿಯಿತು, ಅದೂ ತಿನ್ನುವುದು ಬಿಟ್ಟಿತ್ತು. ಅಷ್ಟರಲ್ಲಿ ಫಿಲ್ಟರೂ ಕೆಟ್ಟು ಕೂತಿತು.

"ಅತ್ತೆ, ಇದು ನಿನ್ನ ಕೈಲಾಗೋದಲ್ಲ. ಭಾನುವಾರ ಬಂದು ತೊಟ್ಟಿ ಎತ್ಕೊಂಡು ಹೋಗಿ ಯಾರಿಗಾದ್ರೂ ಕೊಡ್ತೀನಿ" ಅಂದ ನನ್ನ ಮಗ ಫೋನಿನಲ್ಲಿ.

"ಹೋಗೋ, ಕಂಡಿದೀನಿ!" ಅಂದವಳೇ ಚಪ್ಪಲಿ ಮೆಟ್ಟಿ ನನ್ನನ್ನೂ ಎಳೆದುಕೊಂಡು ಸಾಕುಮೀನಿನ ಅಂಗಡಿಗೆ ಹೊರಟಳು.

ಅಂಗಡಿಯವನು ದೊಡ್ಡ ಫಿಲ್ಟರ್ ಮುಂದಿಟ್ಟ. "ಎಲ್ರೂ ಇದನ್ನೇ ಒಯ್ಯೋದಮ್ಮ."

"ಎಲ್ರ ಮನೆ ಮೀನು ಸಾಕೋಕೆ ಬಂದಿಲ್ಲ ನಾನು. ಬಕೆಟ್ಟಲ್ಲಿ ಓಡಿಸಿ ತೋರಿಸಪ್ಪ."

ಓಡಿಸಿದ. ಇವಳು ಕೈ ಅದ್ದಿ ನೋಡಿದಳು. "ಇದೇನು ಬಟ್ಟೆ ಒಗೆಯೋ ಮಷೀನಾ? ಅಷ್ಟುದ್ದ ರೆಕ್ಕೆ ಹೊತ್ಕೊಂಡು ಆ ಬಡಪಾಯಿ ಈ ರಭಸದಲ್ಲಿ ಹೆಂಗೆ ಈಜುತ್ತೆ?"

ಮೂರು ಹೀಗೇ ತಳ್ಳಿದಳು. ನಾಲ್ಕನೆಯದು ಚಿಕ್ಕದು, ನೀರಿನ ವೇಗ ತಗ್ಗಿಸುವ ತಿರುಪಿತ್ತು. ಅದಕ್ಕೆ ತಲೆಯಾಡಿಸಿದಳು.

ಹಳೆಯದು ಏನಾಯಿತು ಅಂತ ಅವನು ಕೇಳಿದ. ದಿನಾ ಸೋಪು ಹಾಕಿ ಉಜ್ಜಿದ್ದನ್ನೂ ಹೇಳಿದಳು. ಅವನು ಹಣೆ ಚಚ್ಚಿಕೊಂಡ. "ಆ ಕಂದು ಬಣ್ಣ ಕೊಳೆಯಲ್ಲಮ್ಮ! ಮೀನಿನ ಗಲೀಜನ್ನ ಕರಗಿಸೋ ಸಣ್ಣ ಸಣ್ಣ ಜೀವ ಅದರಲ್ಲೇ ಇರ್ತವೆ. ಸೋಪು ಹಾಕಿ ಎಲ್ಲಾನೂ ಕೊಂದಿದೀರಿ."

ತೊಳೆದದ್ದು ತಪ್ಪು ಅಂತ ಅವಳಿಗೆ ಜನ್ಮದಲ್ಲಿ ಯಾರೂ ಅಂದಿರಲಿಲ್ಲ. ಮುಖ ಕೆಂಪಾಯಿತು. ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡೆ.

"ಹಂಗಾದ್ರೆ ಆ ಜೀವ ಎಲ್ಲಿವೆ? ಕೊಡು. ತಗೊಂಡೇ ಹೋಗೋದು."

ಅಂಗಡಿಯವನು ತನ್ನ ತೊಟ್ಟಿಯಲ್ಲಿದ್ದ ಹಳೆ ಸ್ಪಂಜನ್ನೇ ಹೊಸ ಫಿಲ್ಟರಿಗೆ ತುರುಕಿಕೊಟ್ಟ. ತಿಂಗಳಿಗೊಮ್ಮೆ, ತೊಟ್ಟಿಯಿಂದ ತೆಗೆದ ನೀರಲ್ಲೇ ಮೆಲ್ಲಗೆ ಹಿಂಡಿ, ನಲ್ಲಿ ನೀರು ಬೇಡ ಅಂದ.

ಭಾನುವಾರ ಮಗ ಬಂದ. "ಅಯ್ಯೋ, ಹೊಸ ಫಿಲ್ಟರಿಗೆ ಇಂಥ ಗಬ್ಬು ಸ್ಪಂಜಾ?" ಅಂತ ಕೈ ಹಾಕಿದ. ನಾದಿನಿ ಅವನ ಕೈಗೆ ಫಟಾರನೆ ಕೊಟ್ಟಳು.

"ಮುಟ್ಟಿದ್ರೆ ಜೋಕೆ! ಅದು ಹಂಗೇ ಇರ್ಬೇಕು."

ಚಿಟಿಕೆ ಆಹಾರ ಉದುರಿಸಿದಳು. ಮೀನು ಮೇಲೆ ಬಂತು, ರೆಕ್ಕೆ ಅಲ್ಲಾಡಿಸುತ್ತ ಒಂದೊಂದೇ ಕಾಳು ನುಂಗಿತು.

ಮಗ ಕುರ್ಚಿ ಎಳೆದು ಕೂತ. "ಇನ್ನೊಂದು ಚಿಟಿಕೆ ನಾನು ಹಾಕಲಾ ಅತ್ತೆ?"

"ಬೇಡ. ಎಷ್ಟು ಹಾಕ್ಬೇಕು ಅಂತ ನಂಗೊತ್ತು" ಅಂದಳು ಅವಳು.