ಕುಣಿಕೋಣೂರ ಗುಡ್ಡದಲ್ಲಿ ತೋಳದ ಪಾಲು

ಸಂಕ್ರಾಂತಿ ಕಳೆದ ವಾರ ವಿಜಯಪುರದಿಂದ ಜತ್ತಕ್ಕೆ ಹೊರಟೆ. ಗಡಿಯವರೆಗೆ ನಮ್ಮ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ. ಗಡಿಯ ಊರಲ್ಲಿ ಇಳಿದು ಮಹಾರಾಷ್ಟ್ರದ ಬಸ್ಸು ಹತ್ತಿದರೆ ಅರ್ಧ ಟಿಕೀಟು. ಎರಡೂ ಸರಕಾರಗಳು ಸೇರಿ ನನ್ನನ್ನು ಮನೆಯಿಂದ ಹೊರಗೆ ಅಟ್ಟಲು ನಿಂತಂತಿತ್ತು. ಕಂಡಕ್ಟರ್ ಮರಾಠಿಯಲ್ಲಿ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ, ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ. ರಸ್ತೆಯ ಎರಡೂ ಬದಿ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು, ನಡುನಡುವೆ ಕುಸುಬೆಯ ಮುಳ್ಳುಸಾಲು. ತಿಕೋಟಾ ದಾಟಿ ಬಹಳ ಹೊತ್ತಿನ ಮೇಲೆ ನೆಲ ಏರಿಳಿಯತೊಡಗಿತು. ದೂರದ ದಿಬ್ಬಗಳ ಮೇಲೆ ಗಾಳಿಯಂತ್ರಗಳು ಕಂಡವು.

ಜತ್ತ ತಾಲೂಕಿನಲ್ಲಿ ನೋಡುವುದಕ್ಕೇನಿದೆ ಎಂದು ಮನೆಯವರು ನಕ್ಕಿದ್ದರು. ಬೋಳು ಗುಡ್ಡಗಳಿವೆ, ಬಂಡೆ ಕೊರೆದು ಮಾಡಿದ ಒಂದು ಶಿವನ ಗುಡಿಯಿದೆ, ಕುರುಬರ ಬೀರಪ್ಪನ ಕಟ್ಟೆಯಿದೆ. ನನಗೆ ಇವೆಲ್ಲಕ್ಕಿಂತ ಹೆಚ್ಚಾಗಿ ತೋಳ ನೋಡಬೇಕಿತ್ತು. ಹುಲಿ ನೋಡಲು ಜನ ಎಲ್ಲೆಲ್ಲಿಗೋ ಹೋಗುತ್ತಾರೆ, ನಮ್ಮ ಬಯಲಿನಲ್ಲೇ ಹುಟ್ಟಿ ಬೆಳೆದ ತೋಳವನ್ನು ನಾನು ಐವತ್ತೈದು ದಾಟಿದರೂ ಕಂಡಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲಿದ್ದ ಬಿಳೂರಿನ ಶಾಂತಕ್ಕ ಫೋನಿನಲ್ಲಿ, "ಬಾ, ನಾ ತೋರಸ್ತೀನಿ" ಅಂದಿದ್ದಳು.

ಜತ್ತದ ನಿಲ್ದಾಣಕ್ಕೆ ಶಾಂತಕ್ಕ ಸ್ಕೂಟರ್ ತಂದಿದ್ದಳು. ಅವಳ ಮನೆಯವರದು ಒಣದ್ರಾಕ್ಷಿ ವ್ಯಾಪಾರ. ಬಿಳೂರಿನ ಹೊರಗಿನ ಅವರ ಶೆಡ್ಡಿನಲ್ಲಿ ಹಸಿರು ಬಲೆಯ ನೆರಳಿಗೆ ದ್ರಾಕ್ಷಿ ಅಂತಸ್ತು ಅಂತಸ್ತಾಗಿ ಹರಡಿತ್ತು. ರಾತ್ರಿ ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾನು ನಾಚಿಕೆ ಬಿಟ್ಟು ತಿಂದೆ. ತೋಳದ ಮಾತು ಎತ್ತಿದಾಗ ಮಾತ್ರ ಶಾಂತಕ್ಕನ ಗಂಡ ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿದರು.

"ದೀಪಾವಳಿಗಿಂತ ಮೊದಲ ಬಂದಿದ್ರ ನಾಕು ನೋಡತಿದ್ರಿ," ಅಂದರು. "ಈಗ ಒಂದ ಉಳದೈತ್ರಿ. ಗುಡ್ಡದಾಗ ಕುರಿ ಕಾಯೂ ಮಾಳಪ್ಪನ್ನ ಕೇಳ್ರಿ, ಅಂವ ಹೇಳ್ತಾನ."

ಮರುದಿನ ಬೆಳಿಗ್ಗೆ ಸ್ವೆಟರು ಹಾಕಿಕೊಂಡು ಹೊರಟೆವು. ಕುಣಿಕೋಣೂರಿನ ಆಚೆ ಡಾಂಬರು ಮುಗಿದು ಗರಸಿನ ದಾರಿ ಶುರುವಾಯಿತು. ಮೊದಲು ಬಂಡೆಯ ಗುಡಿ. ಒಳಗೆ ತಂಪು, ಬಾವಲಿಯ ವಾಸನೆ, ಲಿಂಗದ ಮೇಲೆ ಒಣಗಿದ ಪತ್ರಿ. ಬಾಗಿಲ ಪಕ್ಕದ ವೀರಗಲ್ಲಿಗೆ ಯಾರೋ ಭಕ್ತರು ದಪ್ಪಗೆ ಎಣ್ಣೆಬಣ್ಣ ಬಳಿದಿದ್ದರು. ಸತ್ತ ವೀರನ ಮುಖ ಎಲ್ಲಿದೆಯೆಂದು ಬೆರಳಿನಿಂದ ಹುಡುಕಬೇಕಾಯಿತು. ನನಗೆ ಸಿಟ್ಟು ಬಂತು. ಶಾಂತಕ್ಕ, "ಬಣ್ಣಾ ಹಚ್ಚಿದವರು ನಮ್ಮ ಭಾವನವರ, ಸುಮ್ಮನಿರು" ಅಂದಳು. ಮೇಲೆ ಹತ್ತಿ ಗಾಳಿಯಂತ್ರದ ಬುಡದಲ್ಲಿ ನಿಂತೆವು. ರೆಕ್ಕೆ ತಿರುಗಿದಾಗೊಮ್ಮೆ ಅದರ ನೆರಳು ನಮ್ಮ ಮೇಲೆ ಹಾದುಹೋಗುತ್ತಿತ್ತು. ಕೆಳಗೆ ಕರಿನೆಲದ ತುಂಡುಗಳು, ದಾಳಿಂಬೆ ತೋಟ, ನೀರಿನ ಟ್ಯಾಂಕರು, ಅದರಾಚೆ ಮಸುಕು. ನೋಟ ಚೆನ್ನಾಗಿತ್ತು, ಆದರೆ ಒಂದೇ ತೋಳ ಉಳಿದಿದೆ ಎಂಬ ಮಾತು ನೆನಪಾಗಿ ಮನಸ್ಸು ಭಾರವಾಗುತ್ತಿತ್ತು.

ಬೀರಪ್ಪನ ಕಟ್ಟೆ ಗುಡ್ಡದ ಇನ್ನೊಂದು ಪಕ್ಕದಲ್ಲಿ, ಒಂದು ಜಾಲಿಯ ಕೆಳಗೆ. ಅಲ್ಲಿ ಕುರಿ ಮೇಯಿಸುತ್ತಿದ್ದ ಮಾಳಪ್ಪ, ಅವನ ಹೆಂಡತಿ ಕಲ್ಲವ್ವ ಸಿಕ್ಕರು. ಅರವತ್ತರ ಆಸುಪಾಸಿನವರು. ಮಾಳಪ್ಪ ಹೆಗಲ ಕಂಬಳಿ ತೆಗೆದು ಕಲ್ಲಿನ ಮೇಲೆ ಹಾಸಿ, "ಕುಂದ್ರಿ ಅಕ್ಕಾರ" ಎಂದ. ಕಟ್ಟೆಯ ಹಿಂದೆ ಸಾಲಾಗಿ ನಾಲ್ಕು ಕಲ್ಲುಗುಡ್ಡೆಗಳಿದ್ದವು, ಎರಡು ಬಹಳ ಚಿಕ್ಕವು. ಏನು ಎಂದು ಕೇಳಿದೆ.

"ಹೆಣ್ಣ ತ್ವಾಳ. ಅದರ ಎರಡು ಮರಿ. ಆ ಕಡೀದು ನಮ್ಮ ನಾಯಿ," ಎಂದ ಮಾಳಪ್ಪ.

ಅವರಲ್ಲಿ ಒಂದು ಪದ್ಧತಿ. ತೋಳ ಹೊಡೆದ ಕುರಿ ಮತ್ತೆ ಮನೆಗೆ ಬರುವುದಿಲ್ಲ. ಚರ್ಮವನ್ನೂ ಸುಲಿಯುವುದಿಲ್ಲ. ಅದರ ಮೇಲೆ ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಸಿನ, ಹಾಕಿ ಬಿದ್ದಲ್ಲೇ ಬಿಟ್ಟು ಬರುತ್ತಾರೆ. ಅದು ಬೀರಪ್ಪನ ಪಾಲು, ತಿನ್ನುವುದಕ್ಕೆ ಅವನ ತೋಳ ಬರುತ್ತದೆ. ಮಾಳಪ್ಪನ ಅಜ್ಜ, ಅಪ್ಪ ಎಲ್ಲರೂ ಹೀಗೆಯೇ ಮಾಡಿದವರು. ಮಳೆಗಾಲದ ಕೊನೆಗೆ ಒಂದು ಕುರಿ ಬಿದ್ದಾಗ ಮಾಳಪ್ಪನೂ ಭಂಡಾರ ಹಾಕಿ ಬಿಟ್ಟು ಬಂದ. ಕೆಳಗಿನ ತೋಟದ ಮನೆಯೊಂದರ ಕರುವನ್ನು ಅದೇ ವಾರ ತೋಳ ತಿಂದಿತ್ತು. ಆ ಮನೆಯವರು ರಾತ್ರಿ ಗುಡ್ಡ ಹತ್ತಿ ಬಂದು ಆ ಕುರಿಗೆ ಬೆಳೆಗೆ ಹೊಡೆಯುವ ಔಷಧ ಸುರುವಿದರು. ಅದನ್ನು ತಿಂದು ಹೆಣ್ಣು ತೋಳ, ಮರಿಗಳು, ಮಾಳಪ್ಪನ ನಾಯಿ ಎಲ್ಲ ಸತ್ತವು.

"ಭಂಡಾರ ನಾ ಹಾಕಿದ್ದೆ ರೀ. ಅದರ ಮ್ಯಾಲ ಅವರು ಔಷಧ ಹಾಕಿದ್ರು," ಎಂದ ಮಾಳಪ್ಪ. "ನಾನ ಕರದು ಉಣಿಸಿ ಕೊಂದಂಗ ಆತು."

"ಯಾರು ಅಂತ ಗೊತ್ತಿದೆಯಲ್ಲ, ದೂರು ಕೊಡಬಾರದೇ?" ಎಂದೆ.

"ಕೊಟ್ಟು ಏನ ಮಾಡೂದ್ರಿ? ಅವರ ಹೊಲದಾಗ ವರ್ಷಾ ನಮ್ಮ ಕುರಿ ಕೂಡಸ್ತೀವಿ. ಗೊಬ್ಬರ ಅವರಿಗೆ, ಜ್ವಾಳ ನಮಗ. ಮುಖಾ ನೋಡೂದು ತಪ್ಪೂದಿಲ್ಲ." ಕಲ್ಲವ್ವ ನಡುವೆ ಬಾಯಿ ಹಾಕಿದಳು: "ಗಂಡ ತ್ವಾಳ ಒಂದ ಉಳದೈತ್ರಿ. ಅದೂ ಹೋತಂದ್ರ ಈ ಗುಡ್ಡದಾಗ ದೇವರು ಯಾಕ ಇರಬೇಕು?"

ಬುತ್ತಿ ಬಿಚ್ಚಿ ಉಂಡೆವು. ಮಧ್ಯಾಹ್ನ ಬಿಸಿಲು ವಾಲಿದಾಗ ಗುಡ್ಡದ ಓರೆಯ ಕೆಳಗಡೆ ಕುರಿಗಳು ಒಮ್ಮೆಲೇ ಚೆದುರಿ ಓಡಿದವು. ಮಾಳಪ್ಪ ಕೂಗುತ್ತ ಇಳಿದ, ನಾವೂ ಬಿದ್ದು ಎದ್ದು ಹಿಂದೆ ಹೋದೆವು. ಒಂದು ಗಬ್ಬದ ಕುರಿ ಕುತ್ತಿಗೆ ಹರಿದು ಬಿದ್ದಿತ್ತು, ಕಾಲು ಇನ್ನೂ ಅದುರುತ್ತಿತ್ತು. ಮೇಲಿನ ಬಂಡೆಯ ಹತ್ತಿರ ಅದು ನಿಂತಿತ್ತು. ಮಣ್ಣಿನದೇ ಬಣ್ಣ, ಉದ್ದ ಕಾಲು, ಒಳಸೇರಿದ ಹೊಟ್ಟೆ. ತೋಳ ಕಂಡರೆ ಎಷ್ಟು ಸಂತೋಷವಾದೀತು ಎಂದುಕೊಂಡು ಬಂದಿದ್ದೆನೋ ಅದರಲ್ಲಿ ಕಾಸಿನಷ್ಟೂ ಆಗಲಿಲ್ಲ. ಇದನ್ನು ಉಳಿಸಬೇಕಲ್ಲ ಎಂಬ ಹೆದರಿಕೆಯಷ್ಟೇ ಆಯಿತು.

ಕಲ್ಲವ್ವ ಸೊಂಟದ ಚೀಲದಿಂದ ಭಂಡಾರ ತೆಗೆದು ಕುರಿಯ ಹಣೆಗೆ ಹಾಕಿದಳು. ಮಾಳಪ್ಪ ಮಾತ್ರ ಹೊರಡಲಿಲ್ಲ. ಕಂಬಳಿ ಹೊದ್ದು ಸ್ವಲ್ಪ ದೂರದ ಕಲ್ಲಿನ ಮೇಲೆ, ಕುರಿಗೆ ಬೆನ್ನು ಮಾಡಿ, ಊರಿನ ದಾರಿಯ ಕಡೆ ಮುಖ ಮಾಡಿ ಕುಳಿತ.

"ಅದು ಉಂಡು ಹೋಗೂ ಮಟಾ ಇಲ್ಲೇ ಇರ್ತೀನಿ. ಯಾರ ಬರ್ತಾರೋ ನೋಡೋಣು."

"ನೀ ಕುಂತ್ರ ಅದು ಬರೂದಿಲ್ಲ," ಅಂದಳು ಕಲ್ಲವ್ವ. "ನೀ ಎದ್ರ ಅವರು ಬರ್ತಾರ."

"ಮತ್ತ ಏನ ಮಾಡ್ಲಿ, ನೀನ ಹೇಳು."

 ಕಲ್ಲವ್ವ ಉಳಿದ ಕುರಿ ಹೊಡೆದುಕೊಂಡು ಹಟ್ಟಿಗೆ ಹೋದಳು. ನಾವು ಹೊತ್ತು ಮುಳುಗುವ ಮೊದಲು ಬಿಳೂರು ಸೇರಿದೆವು.  ನೋಡಬೇಕಾದ್ದೆಲ್ಲ ನೋಡಿಯಾಗಿತ್ತು, ಬೆಳಿಗ್ಗೆ ಬಸ್ಸು ಹಿಡಿಯಬಹುದಿತ್ತು. ಆದರೆ ಬೆಳಗಾಗುತ್ತಲೇ ಶಾಂತಕ್ಕ ತಾನಾಗಿ ಸ್ಕೂಟರಿನ ಕೀಲಿ ತೆಗೆದುಕೊಂಡಳು.

ಗುಡ್ಡದ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಮಾಳಪ್ಪ ಅದೇ ಕಲ್ಲಿನ ಮೇಲಿದ್ದ, ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ಕುರಿ ನಿನ್ನೆ ಬಿದ್ದಂತೆಯೇ ಬಿದ್ದಿತ್ತು, ಹಣೆಯ ಭಂಡಾರವೂ ಅಳಿಸಿರಲಿಲ್ಲ. ತೋಳ ಬಂದಿರಲಿಲ್ಲ. ಔಷಧದವರೂ ಬಂದಿರಲಿಲ್ಲ.

"ಇಡೀ ರಾತ್ರಿ ಮ್ಯಾಲಿಂದ ನೋಡಕೋತ ನಿಂತಿತ್ರಿ," ಎಂದ. "ನನ್ನ ಅಂಜಿಕಿಗೆ ಇಳೀಲಿಲ್ಲ. ಉಪಾಸ ಹೋತು."

ಕಲ್ಲವ್ವ ಹಟ್ಟಿಯಿಂದ ಕುರಿ ಹೊಡೆದುಕೊಂಡು ಬರುವಾಗ ಹಾರೆಯನ್ನೂ ತಂದಿದ್ದಳು. ಬಿಟ್ಟು ಹೋದರೆ ಮತ್ತೆ ಔಷಧ ಬೀಳುತ್ತದೆಂದು ಇಬ್ಬರೂ ಕುರಿಯನ್ನು ಹೂಳಲು ತೆಗ್ಗು ತೋಡಿದರು. ಗರಸು ಮಣ್ಣು, ಹಾರೆ ಹಾಕಿದಲ್ಲೆಲ್ಲ ಕಿಡಿ ಬಂತು. ಶಾಂತಕ್ಕ ಸೆರಗು ಕಟ್ಟಿ ಕಲ್ಲು ಹೊತ್ತು ತಂದಳು, ನಾನೂ ತಂದೆ. ಕುರಿಯನ್ನು ಒಳಗಿಟ್ಟು ಮಣ್ಣು ಎಳೆಯುವಾಗ ಮಾಳಪ್ಪ ಗಟ್ಟಿಯಾಗಿ ಅತ್ತ. ದೇವರ ಪಾಲು ಮಣ್ಣಿಗೆ ಹಾಕಿದ್ದು ಅವರ ಮನೆತನದಲ್ಲಿ ಇದೇ ಮೊದಲು. ತಪ್ಪೋ ಸರಿಯೋ ಎಂದು ಅವನು ನನ್ನನ್ನು ಕೇಳಿದ. ತೋಳವಾದರೂ ಬದುಕೀತು ಎಂದಷ್ಟೇ ಹೇಳಿದೆ.

"ಹಸದ ತ್ವಾಳ ಸುಮ್ಮನ ಇರ್ತೈತೇನ್ರಿ?" ಅಂದಳು ಕಲ್ಲವ್ವ. "ಇವತ್ತ ಮತ್ತ ಹೊಡೀತೈತಿ. ಇಲ್ಲಿ ಸಿಗಲಿಲ್ಲಂದ್ರ ಕೆಳಗ ತೋಟಕ್ಕ ಇಳೀತೈತಿ. ಇಳೀತಂದ್ರ ಮುಗೀತು."

ಮೇಲಿನ ಬಂಡೆಯ ಹತ್ತಿರ ಏನೋ ಅಲುಗಿತು. ಮಾಳಪ್ಪನೂ ನೋಡಿದ.

"ಹಾಗಾದರೆ ಇವತ್ತು ಕುರಿಗಳನ್ನು ಬೇರೆ ಕಡೆ ಮೇಯಿಸುತ್ತೀರಾ?" ಎಂದು ನಾನು ಕೇಳಿದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮಾಳಪ್ಪ ಮೂಗು ಒರೆಸಿಕೊಂಡು ಕೋಲು ತೆಗೆದುಕೊಂಡ.

"ಇಲ್ರಿ ಅಕ್ಕಾರ. ಇಲ್ಲೇ ಬಿಡ್ತೀವಿ. ಕಾಯೂದಿಲ್ಲ," ಎಂದ. "ನಾವು ದೂರ ಹೋಗಿ ಕುಂದರ್ತೀವಿ. ತ್ವಾಳ ಹೊಡದು ಅಲ್ಲೇ ಬಿಸಿ ಇದ್ದಾಗ ತಿಂತೈತಿ. ಯಾರೂ ಏನೂ ಹಾಕೂದಕ್ಕ ಯಾಳೆ ಸಿಗೂದಿಲ್ಲ."

ಕಲ್ಲವ್ವ ಹಿಂಡಿನೊಳಗೆ ಹೋಗಿ ಮರಿಯಿದ್ದ ಕುರಿಗಳನ್ನು ಒಂದೊಂದಾಗಿ ಬೇರೆ ಮಾಡತೊಡಗಿದಳು. ನಾವು ಗರಸಿನ ದಾರಿ ಇಳಿದು ತಿರುವಿನಲ್ಲಿ ನಿಂತು ನೋಡಿದೆವು. ಗಂಡ ಹೆಂಡತಿ ಮರಿಗಳನ್ನು, ಅವುಗಳ ತಾಯಂದಿರನ್ನು ಹೊಡೆದುಕೊಂಡು ಗುಡ್ಡದ ಆಚೆ ಇಳಿಯುತ್ತಿದ್ದರು. ಉಳಿದ ಕುರಿಗಳು ಯಾರೂ ಇಲ್ಲದ ಓರೆಯಲ್ಲಿ ತಲೆ ತಗ್ಗಿಸಿ ಮೇಯುತ್ತಿದ್ದವು.